ಗ್ರಹಣ ಬಾರದ ಕೋಣೆ

ನನ್ನ ಹೆಂಡತಿಗೆ ಏಳು ತಿಂಗಳಾಗಿದ್ದಾಗ ಸೂರ್ಯಗ್ರಹಣ ಬಂತು. ಬಸುರಿಯ ಮೇಲೆ ಅದರ ನೆರಳು ಬಿದ್ದರೆ ಮಗುವಿನ ತುಟಿ ಸೀಳುತ್ತದಂತೆ. ಹಾಗಾಗಿ ಅಮ್ಮ ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಗೋಣಿ ತುರುಕಿದರು. ನಾವು ಬೀಡಿ ಕಟ್ಟುವ ಕೋಣೆಯೂ ಅದೇ. ಹೊಗೆಸೊಪ್ಪಿನ ಹುಡಿಯ ಚೀಲ ಅಲ್ಲೇ ಇತ್ತು.

ಗ್ರಹಣದಲ್ಲಿ ಬಸುರಿ ಕತ್ತರಿ ಮುಟ್ಟಬಾರದು. ಮೊದಲೇ ಕತ್ತರಿಸಿಟ್ಟ ಎಲೆಗೆ ಹುಡಿ ತುಂಬಿ ಸುರುಟಿದರೆ ಮಾತ್ರ ದೋಷವಿಲ್ಲ. ಗ್ರಹಣಕ್ಕೂ ನಮ್ಮ ಹೊಟ್ಟೆಪಾಡು ಗೊತ್ತಿತ್ತು ಅಂತ ಕಾಣುತ್ತದೆ.

"ಅತ್ತೆ, ಹುಡಿ ಗಂಟಲಿಗೆ ಹೋಗ್ತದೆ. ಒಂಚೂರು ಕಿಟಕಿ ತೆಗೀರಿ," ಅಂತ ಅವಳು ಒಳಗಿಂದ ಕೆಮ್ಮಿದಳು.

"ಸುಮ್ಮನೆ ಕೂತ್ಕೊ. ಮಗುವಿಗೆ ಎಂತದಾದ್ರೂ ಆದ್ರೆ?" ಅಂದರು ಅಮ್ಮ.

ಅಷ್ಟರಲ್ಲಿ ನಾಯ್ಮಾರ್ಮೂಲೆಯ ಬೀಡಿ ಬ್ರಾಂಚಿನಲ್ಲಿ ಲೆಕ್ಕ ಬರೆಯುವ ಹೊಸ ರೈಟರು ಬೀಡಿ ನೋಡಲು ಬಂದರು. ಬಾಗಿಲು ಸರಿಸಿದ್ದೇ ಸೀನಿ ಸೀನಿ, ಹೆಗಲ ಮೇಲಿನ ಬೈರಾಸು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ಓಡಿದರು.

"ಎಂತ ಘಾಟು ಮಾರಾಯ! ಒಳಗೆ ಜನ ಉಂಟಾ?"

"ಬಸುರಿ ಇದ್ದಾಳೆ. ಗ್ರಹಣ ತಾಗದ ಹಾಗೆ ಮುಚ್ಚಿದ್ದು," ಅಂದೆ.

"ಒಳ್ಳೇದಾಯ್ತು. ಇನ್ನೂ ಹಾಗೇ ಇರಲಿ. ಗಾಳಿ ತಾಗಿದ್ರೆ ಹುಡಿ ಒಣಗ್ತದೆ," ಅಂದು, ಮೂಗು ಮುಚ್ಚಿಕೊಂಡೇ ವಾಪಸು ಬಂದು ಬಾಗಿಲನ್ನು ಅವರೇ ಎಳೆದುಕೊಂಡರು.

ಗ್ರಹಣ ಬಿಟ್ಟಿತು, ಗೋಣಿ ಬಿಡಲಿಲ್ಲ. ಅವಳು ದಿನಾ ಅಲ್ಲೇ ಕೂತು ಬೀಡಿ ಸುರುಟಿದಳು. ಹುಡಿಯ ಆರೋಗ್ಯ ಚೆನ್ನಾಗಿತ್ತು.

ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಷ್ಟು ಮಗು ಅಳಲೇ ಇಲ್ಲ. ಕೆಮ್ಮಿ ಕೆಮ್ಮಿ ಸೋತಿದ್ದ ಅವಳೂ ಮರುದಿನ ಹೋದಳು. ಅಮ್ಮ ಮಗುವಿನ ತುಟಿಯನ್ನು ಬೆರಳಿನಿಂದ ಸವರಿ ನೋಡಿ, "ಗ್ರಹಣದ ದೋಷ ಒಂಚೂರೂ ಇಲ್ಲ," ಅಂದರು.

ಇರುವುದು ಹೇಗೆ? ಆ ಕೋಣೆಗೆ ಗ್ರಹಣ ಬಂದಿದ್ದರೂ ರೈಟರ ಹಾಗೆ ಸೀನುತ್ತಾ ಅಂಗಳಕ್ಕೆ ಓಡುತ್ತಿತ್ತು.