ಗಾಡಿಯ ಬೆಲೆ ಹೇಳುವ ಮೋನಪ್ಪ

ನಾಲ್ಕು ತಿಂಗಳ ಹಿಂದಿನ ಒಂದು ಬೆಳಿಗ್ಗೆ, ಐದೂಮುಕ್ಕಾಲು. ಕ್ರೋಂಪೇಟೆ ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಮಾರಾಟಕ್ಕಿಟ್ಟ ಹತ್ತಾರು ಪಿಕಪ್ ಗಾಡಿಗಳು ಸಾಲಾಗಿ ನಿಂತಿವೆ. ಮೋನಪ್ಪ ಒಂದು ಬಿಳಿ ಗಾಡಿಯ ಬಾನೆಟ್ ಮೇಲೆ ಅಂಗೈ ಊರಿ, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರಂತೆ ಸುಮ್ಮನೆ ನಿಲ್ಲುತ್ತಾರೆ. ಬೆಚ್ಚಗಿದೆ. ಯಾರೋ ಆಗಲೇ ಸ್ಟಾರ್ಟ್ ಮಾಡಿ ಆರಿಸಿದ್ದಾರೆ. ರಾತ್ರಿಯೆಲ್ಲ ತಣ್ಣಗಿದ್ದ ಎಂಜಿನ್ ಮೊದಲ ಸಲ ಹೇಗೆ ಏಳುತ್ತದೆ ಎಂಬುದರಲ್ಲೇ ಅದರ ಜಾತಕ ಇರುತ್ತದೆ. ಅದನ್ನು ಕೇಳಬೇಕೆಂದೇ ಅವರು ಬೆಳಕು ಹರಿಯುವ ಮೊದಲು ಬರುತ್ತಾರೆ.

ಗಾಡಿ ಕೊಳ್ಳಲು ಬಂದಿರುವ ಲೀಲಮ್ಮ ಪಕ್ಕದಲ್ಲಿ ಸೆರಗು ಬಿಗಿದು ನಿಂತಿದ್ದಾರೆ. ಮಂಡ್ಯ ಕಡೆಯವರು. ದೋಸೆ ಹಿಟ್ಟು ರುಬ್ಬಿ ನಲವತ್ತು ಅಂಗಡಿಗಳಿಗೆ ಕೊಡುತ್ತಾರೆ. ಬಾಡಿಗೆ ಆಟೊ ಕೈಕೊಟ್ಟ ದಿನ ಹಿಟ್ಟು ಹುಳಿಯಾಗಿ ಚರಂಡಿ ಸೇರುತ್ತದೆ. ಕಳೆದ ತಿಂಗಳು ನಾಲ್ಕು ಸಲ ಹಾಗಾಯಿತು. ದಲ್ಲಾಳಿ ರೂಪೇಶ್ ಎಂಟು ವರ್ಷ ಹಳೆಯ ಈ ಗಾಡಿಗೆ ಕೇಳುತ್ತಿರುವುದು ಆರು ಲಕ್ಷ ತೊಂಬತ್ತು ಸಾವಿರ.

ಮೋನಪ್ಪ ಒಳಗೆ ಕೂತು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯುತ್ತಾರೆ. ಕೊನೆಯ ಒಂದು ಗೇಣು ಕೆಸರಿನ ಬಣ್ಣ. ಗಾಡಿ ತೊಳೆದವರು ಅಷ್ಟು ದೂರ ಎಳೆದು ನೋಡಿಲ್ಲ.

"ಇದು ಪ್ರವಾಹದಲ್ಲಿ ಮುಳುಗಿದ ಗಾಡಿ. ಮೂರು ಲಕ್ಷಕ್ಕೂ ಬೇಡ" ಎಂದಷ್ಟೇ ಹೇಳಿ ಇಳಿಯುತ್ತಾರೆ.

ರೂಪೇಶ್ ಜಗಳಕ್ಕೆ ಬರುವುದಿಲ್ಲ. ಎಲ್ಲರೂ ಇದೇ ರೇಟು ಕೇಳುತ್ತಿರುವಾಗ ತಾನೊಬ್ಬ ಏನು ಮಾಡಲಿ ಎಂದು ಭುಜ ಕುಣಿಸಿ ಚಹಾ ತರಿಸುತ್ತಾರೆ. ಮೋನಪ್ಪ ಚಹಾ ಕುಡಿಯುತ್ತಾರೆ, ಕಮಿಷನ್ ಮುಟ್ಟುವುದಿಲ್ಲ.

"ಒಬ್ಬ ಫೋನಿನಲ್ಲಿ ಏಳು ಲಕ್ಷ ಅಂತ ಹಾಕ್ತಾನೆ. ಅದನ್ನು ನೋಡಿ ಇನ್ನೊಬ್ಬ ಏಳೂಕಾಲು ಹಾಕ್ತಾನೆ. ಗಾಡಿಯನ್ನು ನೋಡುವವರೇ ಇಲ್ಲ ಮಾರಾಯ್ರೆ, ಒಬ್ಬನ ರೇಟನ್ನು ಇನ್ನೊಬ್ಬ ನೋಡುವುದು" ಎನ್ನುತ್ತಾರೆ ಮೋನಪ್ಪ.

ಮೋನಪ್ಪನವರಿಗೆ ಈಗ ಐವತ್ತೆರಡು. ಕಾರ್ಕಳದ ಬದಿಯ ಹುಡುಗ ಹದಿನೈದನೇ ವಯಸ್ಸಿಗೆ ಕೋಡಂಬಾಕ್ಕಂನ ಸಸ್ಯಾಹಾರಿ ಹೋಟೆಲಿಗೆ ಲೋಟ ತೊಳೆಯಲು ಬಂದರು. ತಮಿಳು ಸಿನಿಮಾ ಸ್ಟುಡಿಯೋಗಳಿಗೆ ಇಡ್ಲಿ ಒಯ್ಯುತ್ತಿದ್ದ ವ್ಯಾನಿನಲ್ಲಿ ಕೂತು ಕೂತೇ ಡ್ರೈವಿಂಗ್ ಕಲಿತರು. ಇಪ್ಪತ್ತು ವರ್ಷ ಅದೇ ಹೋಟೆಲಿಗೆ ಮಾರ್ಕೆಟ್ಟಿನಿಂದ ತರಕಾರಿ ಹೊತ್ತರು. ೨೦೧೬ರಲ್ಲಿ, ಹೆಂಡತಿ ಗುಣವತಿಯ ಬಳೆ ಮಾರಿ, ನಾಲ್ಕು ಲಕ್ಷ ಹತ್ತು ಸಾವಿರ ಕೊಟ್ಟು ಒಂದು ಹಳೆಯ ಪಿಕಪ್ ಕೊಂಡರು. ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡೇ ತಿಂಗಳಿಗೆ ನಡುರಸ್ತೆಯಲ್ಲಿ ನಿಂತಿತು. ಬಿಚ್ಚಿದಾಗ ಗೇರ್ ಬಾಕ್ಸಿನಲ್ಲಿ ಹಿಂದಿನ ವರ್ಷದ ನೆರೆಯ ಹೂಳು.

ಮಾರಿದವನ ಫೋನ್ ಬಂದ್. ಮೋನಪ್ಪ ಪರಿಚಯದ ಮೆಕ್ಯಾನಿಕ್ ಶೆಡ್ಡಿನ ಮೂಲೆಯಲ್ಲಿ ಐದು ತಿಂಗಳು ಕೂತು ಒಂದೊಂದೇ ಬೋಲ್ಟು ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. "ಆ ಐದು ತಿಂಗಳೇ ನನ್ನ ಕಾಲೇಜು" ಎನ್ನುತ್ತಾರೆ. ಗಾಡಿ ಎದ್ದು ನಿಂತ ಮೇಲೆ ಗೆಳೆಯರು ತಾವು ಕೊಳ್ಳುವ ಗಾಡಿ ನೋಡಲು ಕರೆದರು. ಆಮೇಲೆ ಗೆಳೆಯರ ಗೆಳೆಯರು. ಈಗ ದಿನಕ್ಕೆ ಎರಡು ಗಾಡಿ ನೋಡುತ್ತಾರೆ, ಹತ್ತರಲ್ಲಿ ಏಳನ್ನು ಬೇಡ ಅನ್ನುತ್ತಾರೆ. ಕಡಲ ಬದಿಯ ಎಣ್ಣೂರಿನಲ್ಲಿ ಮೀನು ಹೊತ್ತ ಗಾಡಿಯಾದರೆ ಚಾಸಿಯ ಅಡಿಗೆ ಉಗುರು ತಾಗಿಸಿ ಉಪ್ಪು ತಿಂದ ಕಬ್ಬಿಣವನ್ನು ಪದರ ಪದರವಾಗಿ ಕೆರೆದು ತೋರಿಸುತ್ತಾರೆ. ಅವರ ಫೀಸು, ಗಾಡಿ ಕೊಂಡರೂ ಐನೂರು ರೂಪಾಯಿ, ಬಿಟ್ಟರೂ ಐನೂರು. ನಾಲಿಗೆ ಒಂದು ಕಡೆಗೆ ವಾಲಬಾರದಲ್ಲ.

ಈ ವರ್ಷ ಅವರ ಎಡ ಮೊಣಕಾಲು ಕ್ಲಚ್ ತುಳಿಯಲು ಒಪ್ಪಲಿಲ್ಲ. ತಮ್ಮದೇ ಗಾಡಿ ಮಾರಬೇಕಾಯಿತು. ಕಾಲೇಜಿಗೆ ಹೋಗುವ ಮಗಳು ವೀಕ್ಷಾ ಫೋನಿನಲ್ಲಿ ಜಾಹೀರಾತು ಹಾಕಲು ಫೋಟೊ ತೆಗೆದಳು. ಅಪ್ಪ ಹೇಳಿದ ಬೆಲೆ ಒಂದು ಲಕ್ಷ ಎಂಬತ್ತು ಸಾವಿರ. ಅಷ್ಟೇ ಹಳೆಯ ಗಾಡಿಗಳಿಗೆ ಬೇರೆಯವರು ಮೂರೂವರೆ ಕೇಳುತ್ತಿದ್ದರು. ಅಪ್ಪ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವ ಮಗಳು, "ಅಪ್ಪಾ, ಇವ್ವಳವು ಕಮ್ಮಿಯಾ ಪೋಟ್ಟಾ ಸಂದೇಗಂ ವರುಂ" ಎಂದಳು. ಇಷ್ಟು ಕಡಿಮೆ ಹಾಕಿದರೆ ಜನರಿಗೆ ಅನುಮಾನ ಬರುತ್ತದೆಂದು.

ಹಾಗೇ ಆಯಿತು. ಮೂರು ವಾರದಲ್ಲಿ ಬಂದ ನಾಲ್ಕು ಮಂದಿಯೂ ಬೆಲೆ ಕೇಳಿಯೇ ಹಿಂದೆ ಸರಿದರು. ಕಳವಿನದೋ ಎಂದು ಒಬ್ಬರು ಬಾಯಿಬಿಟ್ಟು ಕೇಳಿದರು. ಗುಣವತಿಯೂ ರೂಪೇಶನೂ ಒಂದೇ ಸಮನೆ ಹೇಳಿದ ಮೇಲೆ, ಕೊನೆಗೆ ಬೆಲೆ ಮೂರೂಕಾಲು ಲಕ್ಷಕ್ಕೆ ಏರಿತು. ಮರುದಿನ ಒಂದೇ ಬೆಳಿಗ್ಗೆ ಹನ್ನೊಂದು ಕರೆ. ಎಣ್ಣೂರಿನ ವ್ಯಾಪಾರಿಯೊಬ್ಬರು ಬಂದು, ಚೌಕಾಸಿ ಮಾಡಿ ಎರಡು ಲಕ್ಷ ಎಂಬತ್ತು ಸಾವಿರಕ್ಕೆ ಇಳಿಸಿ, ಗೆದ್ದ ಖುಷಿಯಲ್ಲಿ ಮುಂಗಡದ ನೋಟು ಹೊರತೆಗೆದರು.

ಮೋನಪ್ಪ ಕೈ ಚಾಚಲಿಲ್ಲ. ಗಾಡಿ ಒಮ್ಮೆ ನೆರೆಯಲ್ಲಿ ಮುಳುಗಿದ್ದು, ತಾವೇ ಬಿಚ್ಚಿ ಜೋಡಿಸಿದ್ದು, ನಿಜವಾದ ಬೆಲೆ ಒಂದು ಎಂಬತ್ತು ಎಂದು ಹೇಳಿಬಿಟ್ಟರು. ಲಕ್ಷ ರೂಪಾಯಿ ಉಳಿಯಿತೆಂದು ಆ ಮನುಷ್ಯ ಸಂತೋಷಪಡಲಿಲ್ಲ. ಹೆದರಿ ನೋಟು ಒಳಗಿಟ್ಟು ಹೊರಟುಹೋದರು. ಗುಣವತಿಗೆ ಸಿಟ್ಟು ಬಂತು. "ನನ್ನ ಬಳೆ ಹೋದದ್ದು ಸುಳ್ಳು ರೇಟಿಗೆ, ಬರುವಾಗ ಮಾತ್ರ ಸತ್ಯದ ರೇಟಾ?" ಎಂದು ಗಂಡನನ್ನು ಕೇಳಿದರು.

ಸುದ್ದಿ ರೂಪೇಶನ ಬಾಯಿಂದ, ಇನ್ನೂ ಗಾಡಿ ಸಿಗದ ಲೀಲಮ್ಮನ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಅವರು ಮೋನಪ್ಪನವರ ಮನೆಮುಂದೆ ನಿಂತು, ಐನೂರರ ನೋಟು ಚಾಚಿದರು.

"ಅಣ್ಣ, ಈ ಗಾಡೀನೂ ಬೇರೆಯೋರ್ ಗಾಡಿ ಥರಾನೇ ನೋಡಿ ಹೇಳಿ. ನಾನ್ ತಗೊಳ್ಳದಾ, ಬ್ಯಾಡ್ವಾ?"

ಮೋನಪ್ಪ ಫೀಸು ಜೇಬಿಗಿಟ್ಟುಕೊಂಡರು. ತಮ್ಮದೇ ಬಾನೆಟ್ ಮುಟ್ಟಿದರು, ತಮ್ಮದೇ ಎಂಜಿನ್ನಿಗೆ ಕಿವಿಗೊಟ್ಟರು, ನೋಯುವ ಮೊಣಕಾಲು ಮಡಚಿ ಅಡಿಗೆ ತೂರಿದರು. ಮುಕ್ಕಾಲು ಗಂಟೆಯ ಮೇಲೆ ಹೊರಬಂದಾಗ ಅವರ ಮುಖ ಸಣ್ಣದಾಗಿತ್ತು. ಹಿಂದಿನ ಎಡ ಸ್ಪ್ರಿಂಗಿನ ಒಂದು ಪಟ್ಟಿ ಬಿರುಕು ಬಿಟ್ಟಿತ್ತು. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

"ತಗೊಳ್ಳಬಹುದು. ಆದರೆ ಒಂದು ಎಂಬತ್ತು ಹೆಚ್ಚಾಯ್ತು. ಒಂದು ಎಪ್ಪತ್ತು ಕೊಡಿ, ಸಾಕು."

ಬಾಗಿಲಲ್ಲಿ ನಿಂತಿದ್ದ ಗುಣವತಿಗೆ ನಗು ತಡೆಯಲಾಗಲಿಲ್ಲ. ಒಳಗೆ ಹೋಗಿ ಲೀಲಮ್ಮನಿಗೆ ಕಾಫಿ ತಂದುಕೊಟ್ಟರು.

ಗಾಡಿ ಹೋಗಿ ಈಗ ಮೂರು ತಿಂಗಳು. ಹಿಟ್ಟು ಒಂದು ದಿನವೂ ಹುಳಿಯಾಗಿಲ್ಲವಂತೆ. ಕಳೆದ ವಾರ ಲೀಲಮ್ಮ ಫೋನ್ ಮಾಡಿದ್ದರು. ಅಂಗಡಿಯವರೊಬ್ಬರು ಗಾಡಿಯ ಓಟ ಮೆಚ್ಚಿ ಎರಡೂವರೆ ಲಕ್ಷಕ್ಕೆ ಕೇಳಿದರಂತೆ. ಮಾರುವ ಮನಸ್ಸಿಲ್ಲ ಎನ್ನುವುದಕ್ಕೂ ಮೊದಲು ಲೀಲಮ್ಮ, ಇದು ನೆರೆಯಲ್ಲಿ ಮುಳುಗಿ ಎದ್ದ ಗಾಡಿ, ಅಷ್ಟೊಂದು ಬೆಲೆ ಬಾಳುವುದಿಲ್ಲ ಎಂದರಂತೆ.

ಇದನ್ನು ಹೇಳುವಾಗ ಮೋನಪ್ಪ ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ಬೇರೆಲ್ಲೋ ನೋಡುತ್ತಾರೆ.

"ಹಾಗೆ ಹೇಳಿ ಅಂತ ನಾನು ಹೇಳಿಕೊಟ್ಟದ್ದಲ್ಲ. ಅವರಾಗಿಯೇ ಹೇಳಿದ್ದು."