ಮಂಜಣ್ಣನ ನೀಲಿ ಅಂಗಿ

ತೀರಿಕೊಂಡವರೊಬ್ಬರ ಅಂಗಿ ಹಾಕಿಕೊಂಡು ಕಳೆದ ವಾರ ಬಿಸಿಲಿನಲ್ಲಿ ಕೂತಿದ್ದೆ. ಗಾಬರಿಯಾಗಬೇಡಿ, ಹೇಳುತ್ತೇನೆ.

ನಾನು ಫ್ರೀಲಾನ್ಸ್ ಫೋಟೋಗ್ರಾಫರ್ ಅನ್ನುವುದು ನಿಮಗೆ ಗೊತ್ತೇ ಇದೆ. (ಮದುವೆಗೆ ಕರೆದರೆ ಬಾರದ ಜಂಬದವನು ಅಂತ ನಮ್ಮ ಕೊಪ್ಪದಲ್ಲಿ ಅದರ ಅರ್ಥ.) ದುಡಿಯುವ ಜನರ ಫೋಟೋ ತೆಗೆದು ಪತ್ರಿಕೆಗಳಿಗೆ ಕೊಡುತ್ತೇನೆ. ನನ್ನದೊಂದು ನಿಯಮ: ಕಂಡದ್ದು ಕಂಡ ಹಾಗೇ ಇರಬೇಕು. ಮುಖದ ಮಚ್ಚೆಯನ್ನೂ ಅಳಿಸುವವನಲ್ಲ.

ಹೋದ ಬೇಸಿಗೆಯಲ್ಲಿ ಜಯಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ಮರಗಸಿ ನಡೆದಿತ್ತು. ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ. ಮಂಜಣ್ಣ ಆಗಷ್ಟೇ ಮರ ಇಳಿದು ಬಂದು ಕಲ್ಲಿನ ಮೇಲೆ ಕೂತಿದ್ದರು. ಹರಿದ ಬನಿಯನ್, ಮೈತುಂಬ ಬೆವರು, ಮರದ ಹುಡಿ. ಯಾರೋ ಏನೋ ಅಂದದ್ದಕ್ಕೆ ಮಂಜಣ್ಣ ಬಾಯಿ ತುಂಬ ನಕ್ಕರು. ಕ್ಲಿಕ್! ಮ್ಯಾಗಜಿನ್ ಒಂದು ಅದನ್ನು ಪೂರ್ತಿ ಪುಟ ಹಾಕಿತು. ಹೊಗಳಿದವರೆಲ್ಲ ಆ ಬನಿಯನ್ನಿನ ತೂತನ್ನೇ ಹೊಗಳಿದರು.

ಈ ತಿಂಗಳು ಮಂಜಣ್ಣ ಎದೆನೋವು ಬಂದು ತೀರಿಕೊಂಡರು. ಸುದ್ದಿ ಕೇಳಿ ಮನೆಗೆ ಹೋದೆ. ಅವರ ಹೆಂಡತಿ ಗಿರಿಜಕ್ಕ ಅದೇ ಮ್ಯಾಗಜಿನ್ ತಂದು ನನ್ನ ಮುಂದೆ ಹಿಡಿದರು.

"ನಾಡಿದ್ದು ತಿಥಿ ಮಾರಾಯ್ರೆ. ಹಾರ ಹಾಕೋಕೆ ಒಂದು ಫೋಟೋ ಇಲ್ಲ. ಆಧಾರ್ ಕಾರ್ಡಲ್ಲಿ ಪೊಲೀಸ್ರು ಹಿಡ್ಕೊಂಡು ಬಂದಂಗೆ ಕಾಣ್ತಾರೆ. ಇದ್ರಲ್ಲಿ ನಗ್ತಾ ಇದಾರೆ. ಇದಕ್ಕೊಂದು ಅಂಗಿ ಹಾಕಿಕೊಡಿ."

ಅಂಗಿ ಹಾಕುವುದೇ! ನಾನು ಪಾಠ ಶುರು ಮಾಡಿದೆ. ಇದು ಡಾಕ್ಯುಮೆಂಟರಿ ಫೋಟೋ, ತಿದ್ದಿದರೆ ಸುಳ್ಳಾಗುತ್ತದೆ, ಬೇಕಿದ್ದರೆ ಪೇಟೆಯ ಸ್ಟುಡಿಯೋದಲ್ಲಿ ಕೋಟು ಹಾಕಿಕೊಡುತ್ತಾರೆ ಅಂದೆ.

"ಕೋಟೆಂತಕ್ಕೆ? ಅವ್ರು ಜನ್ಮದಲ್ಲಿ ಕೋಟು ಹಾಕಿದವರಲ್ಲ. ಬನಿಯನ್ನಲ್ಲಿ ಪೇಟೆಗೆ ಹೋದವರೂ ಅಲ್ಲ. ನಾಲ್ಕು ಜನ ಬಂದು ಕೈ ಮುಗಿಯೋ ಹೊತ್ತಿಗೆ ಹಿಂಗೇ ಕೂರಿಸ್ಲಾ?"

ಅವರ ಕಣ್ಣು ತುಂಬಿತ್ತು. ಮರ ಹತ್ತುವಾಗಿನ ಬನಿಯನ್ ನಿಜ. ಉಳಿದ ಹೊತ್ತಿನ ಅಂಗಿ ಅದಕ್ಕಿಂತ ಕಡಿಮೆ ನಿಜವೇ?

ಒಪ್ಪಿದೆ. ಗಿರಿಜಕ್ಕ ಪೆಟ್ಟಿಗೆಯಿಂದ ಮಡಿಸಿಟ್ಟ ನೀಲಿ ಅಂಗಿ ತಂದರು. ಬರೀ ಅಂಗಿಯ ಫೋಟೋ ತೆಗೆದು ಅಂಟಿಸಿದರೆ ಹ್ಯಾಂಗರಿಗೆ ತೂಗುಹಾಕಿದ ಹಾಗೆ ಕಾಣುತ್ತದೆ. ಯಾರಾದರೂ ಅದನ್ನು ಹಾಕಿಕೊಂಡು, ಆ ಫೋಟೋದಲ್ಲಿದ್ದಂಥದೇ ಬಿಸಿಲಿಗೆ, ಅದೇ ಓರೆಯಲ್ಲಿ ಕೂರಬೇಕು. ಮಂಜಣ್ಣನ ಮೈಕಟ್ಟಿನವನು ಅಲ್ಲಿ ನಾನೊಬ್ಬನೇ. ಕ್ಯಾಮೆರಾವನ್ನು ಸ್ಟ್ಯಾಂಡಿಗೇರಿಸಿ, ಟೈಮರ್ ಇಟ್ಟು, ಅಂಗಳದಲ್ಲಿ ಕೂತೆ.

ಗಿರಿಜಕ್ಕ ಸ್ವಲ್ಪ ಹೊತ್ತು ದೂರದಿಂದ ನೋಡಿದರು. ಆಮೇಲೆ ಹತ್ತಿರ ಬಂದರು. "ಅವ್ರು ಮೇಲಿನ ಗುಂಡಿ ಹಾಕ್ತಿರ್ಲಿಲ್ಲ. ಸೆಕೆ ಅಂತಿದ್ರು." ಗುಂಡಿಯತ್ತ ಕೈ ಚಾಚಿದವರು ಅಲ್ಲೇ ತಡೆದು, "ನೀವೇ ಬಿಚ್ಚಿ" ಅಂದರು. ಗುಂಡಿ ಬಿಚ್ಚಿ ಮತ್ತೆ ಟೈಮರ್ ಇಟ್ಟೆ.

ತಿಥಿಯ ದಿನ ಹಾರದ ನಡುವೆ ಮಂಜಣ್ಣ ನೀಲಿ ಅಂಗಿಯಲ್ಲಿ ನಗುತ್ತಿದ್ದರು. ಬಂದವರೆಲ್ಲ "ಥೇಟ್ ಮಂಜಣ್ಣನೇ" ಅಂದರು. ವಿಷಯ ತಿಳಿದ ನನ್ನ ಫೋಟೋಗ್ರಾಫರ್ ಗೆಳೆಯ ಮಾತ್ರ ಫೋನಿನಲ್ಲಿ ಕೆಣಕಿದ: "ಹೋಗಿ ಹೋಗಿ ನೀನೂ ಅಂಗಿ ಹಾಕೋಕೆ ಒಪ್ಪಿದ್ಯಾ ಮಾರಾಯ?"

ಗಂಡನಿಗೆ ಅಂಗಿ ಹಾಕಲು ಹೆಂಡತಿ ಫೋಟೋಗ್ರಾಫರನ ಒಪ್ಪಿಗೆ ಕೇಳಬೇಕೇ?