ಕತ್ತರಿಸದೆ ನಿಲ್ಲಿಸಿದ ಉತ್ತರದ ಬಾಗಿಲು

ಈ ಕಲ್ಲಿನ ಬಾಗಿಲುವಾಡಕ್ಕೆ ನಾನು ಕೊಟ್ಟಿದ್ದು, ಒಂದು ಸಾಧಾರಣ ಅಡುಗೆಮನೆಗೆ ಗ್ರಾನೈಟ್ ಹಾಕಿಸಲು ನನ್ನ ಗಿರಾಕಿಗಳು ಕೊಡುವಷ್ಟು ದುಡ್ಡು. ಅದನ್ನು ಸ್ಯಾನ್ ಡಿಯೇಗೋದಿಂದ ಲಾಸ್ ಏಂಜಲೀಸಿನ ಅಂಚಿನ ವಾಲ್‌ನಟ್ ಎಂಬ ಊರಿನ ಹತ್ತಿರದ ನನ್ನ ಅಂಗಡಿಗೆ ತರಲು ಟ್ರಕ್ಕಿಗೂ ಫೋರ್ಕ್‌ಲಿಫ್ಟಿಗೂ ಅದಕ್ಕಿಂತ ಹೆಚ್ಚು ಖರ್ಚಾಯಿತು. ಇಂಗ್ಲೆಂಡಿನ ಹಳ್ಳಿಯ ಚರ್ಚೊಂದರಲ್ಲಿ ಶತಮಾನಗಟ್ಟಲೆ ನಿಂತಿದ್ದ ಕಲ್ಲು ಅಷ್ಟು ಅಗ್ಗಕ್ಕೆ ಸಿಕ್ಕಿದ್ದಕ್ಕೆ ಕಾರಣ ಇಷ್ಟೇ: ಮಾರುವವನಿಗೆ ಅವಸರವಿತ್ತು, ನನಗಿರಲಿಲ್ಲ.

ಅದು 2021. ನನಗೆ ಮಾರಿದ ಅಮೆರಿಕನ್ನನ ತಾತ ಯಾವ ಕಾಲದಲ್ಲೋ ಆ ಕಲ್ಲುಗಳನ್ನು ಹಡಗಿನಲ್ಲಿ ತರಿಸಿ, ತೋಟದಲ್ಲಿ ನಿಲ್ಲಿಸಬೇಕೆಂದುಕೊಂಡು, ನಿಲ್ಲಿಸದೆಯೇ ತೀರಿಕೊಂಡಿದ್ದರಂತೆ. ಮರದ ಪೆಟ್ಟಿಗೆಗಳ ಮೇಲೆ ಆ ಹಳ್ಳಿಯ ಹೆಸರು ಕಪ್ಪು ಬಣ್ಣದಲ್ಲಿ ಇನ್ನೂ ಓದುವಂತಿತ್ತು. ಮನೆ ಮಾರಾಟಕ್ಕಿತ್ತು, ಹಿತ್ತಲು ಖಾಲಿಯಾಗಬೇಕಿತ್ತು. ಅವನು ಬೆಲೆ ಹೇಳಿದ. ನಾನು ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆಯ ಕೊಳೆತ ತಳವನ್ನು ನೋಡುತ್ತಿದ್ದೆ. ಅವನೇ ಇಳಿಸಿದ. ನಾನು ಇನ್ನೊಂದು ಪೆಟ್ಟಿಗೆಯ ತಳ ನೋಡಿದೆ. ಇನ್ನೂ ಇಳಿಸಿದ.

ಹಳೆಯದರ ಮೇಲಿನ ಪ್ರೀತಿಯಿಂದ ಕೊಂಡೆ ಎಂದು ಯಾರೂ ತಿಳಿಯಬೇಡಿ. ಕೊಂಡಿದ್ದು ಮಾರುವುದಕ್ಕೆ. ಗರಾಜಿನಲ್ಲಿ ಒಂದು ಕಟಿಂಗ್ ಮೆಷಿನ್ ಇಟ್ಟುಕೊಂಡು ಕಲ್ಲಿನ ವ್ಯಾಪಾರಕ್ಕೆ ಇಳಿದವಳು ನಾನು. ನನ್ನ ಕಣ್ಣಿಗೆ ಕಲ್ಲೆಂದರೆ ಚದರಡಿ. ಆ ವರ್ಷ ಅಂಗಡಿಯ ಬಾಡಿಗೆಯೂ ಏರಿತ್ತು. ಹಾಗಾಗಿ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ರೆಸ್ಟೋರೆಂಟ್ ತೆರೆಯಲು ಹೊರಟಿದ್ದ ಬೆಂಗಳೂರಿನ ಹುಡುಗನೊಬ್ಬ, ಟೆಲಿಕಾಂ ಕೆಲಸ ಬಿಟ್ಟು ಬಂದವನು, ಬಾಗಿಲನ್ನು ತನ್ನ ಬಾರ್‌ಗೆ ಕೇಳಿದಾಗ ಖುಷಿಯಾಯಿತು. ಅವನು ಹೇಳಿದ ಬೆಲೆಯಲ್ಲಿ ವರ್ಷದ ಬಾಡಿಗೆ ಆರಾಮಾಗಿ ಕಟ್ಟಬಹುದಿತ್ತು. ಆದರೆ ಅವನ ಜೋಡಿ ಬಾಗಿಲು ಕೂರಲು ಎರಡೂ ಕಡೆ ಎರಡೆರಡು ಇಂಚು ಕತ್ತರಿಸಬೇಕು, ಕಪ್ಪು ಹಿಡಿದದ್ದನ್ನು ಗ್ರೈಂಡರ್ ಹಾಕಿ ತೆಗೆಯಬೇಕು. ಎಡಗಡೆಯ ಕೆತ್ತನೆ ಆಳ, ಬಲಗಡೆಯದು ತೆಳು. ಎರಡನ್ನೂ ಒಂದೇ ಥರ ಮಾಡಿಕೊಡಬೇಕು. ನೋಡೋಣ ಅಂದೆ. ವ್ಯಾಪಾರದಲ್ಲಿ ನೋಡೋಣ ಅನ್ನುವುದು ಮುಕ್ಕಾಲು ಪಾಲು ಹೂಂ. ಅಡ್ವಾನ್ಸ್ ಮಾತ್ರ ಮುಟ್ಟಲಿಲ್ಲ.

ಮರುವರ್ಷ ಇಂಗ್ಲೆಂಡಿನಲ್ಲಿರುವ ತಂಗಿಯ ಮನೆಗೆ ಹೋದಾಗ, ಪೆಟ್ಟಿಗೆಯ ಮೇಲಿದ್ದ ಹಳ್ಳಿ ಡ್ರೈವ್ ಮಾಡುವಷ್ಟು ಹತ್ತಿರದಲ್ಲಿದೆ ಎಂದು ತಿಳಿಯಿತು. ಚರ್ಚಿನ ಸುತ್ತ ಬರೀ ಗೋಧಿ ಹೊಲ. ಪೂಜೆ ನಿಂತು ಎಷ್ಟೋ ಕಾಲವಾಗಿದೆ. ಕೀಲಿ ಪಕ್ಕದ ಹೊಲದ ಮನೆಯಾಕೆಯ ಬಳಿ ಇತ್ತು. ಆಕೆ ಹೇಳಿದ ಕಥೆ ಇದು: ಕುರಿ ಉಣ್ಣೆಯಲ್ಲಿ ಹಣ ಬಂದಾಗ ಊರವರು ಚರ್ಚಿಗೆ ಉತ್ತರದ ಕಡೆ ಒಂದು ಪಡಸಾಲೆ ಸೇರಿಸಿದರು. ಊರು ಕರಗಿತು, ರಿಪೇರಿಗೆ ಗತಿಯಿಲ್ಲದೆ ಆ ಪಡಸಾಲೆಯನ್ನೇ ಕೆಡವಿದರು. ನನ್ನ ಬಾಗಿಲು ಅದರದ್ದು. ಒಳಗೆ ದಪ್ಪ ಕಂಬಗಳ ಮೇಲಿನ ಕಮಾನುಗಳು ಹಾಗೇ ಇದ್ದವು. ಅವುಗಳ ನಡುವೆ ಇಟ್ಟಿಗೆ ತುಂಬಿ ಗೋಡೆ ಮಾಡಿದ್ದರು.

ಹೊರಗೆ ಬಂದು ತಲೆಯೆತ್ತಿದರೆ ಗೋಪುರ ಗುಂಡಗೆ, ಒರಳುಕಲ್ಲಿನ ಹಾಗೆ. ಯಾಕೆ ಗುಂಡಗೆ ಅಂತ ಕೇಳಿದೆ. ಆ ಸೀಮೆಯಲ್ಲಿ ಕಟ್ಟುವ ಕಲ್ಲೇ ಇಲ್ಲವಂತೆ. ಹೊಲದಲ್ಲಿ ಸಿಗುವುದು ಮುಷ್ಟಿಗಾತ್ರದ ಚಕಮಕಿ ಕಲ್ಲು ಮಾತ್ರ. ಅದರಿಂದ ಗೋಡೆ ಏಳುತ್ತದೆ, ಮೂಲೆ ನಿಲ್ಲುವುದಿಲ್ಲ. ಒಳ್ಳೆಯ ಕಲ್ಲು ಬೇಕೆಂದರೆ ದೂರದಿಂದ ದೋಣಿಯಲ್ಲಿ ಬರಬೇಕು. ಅದಕ್ಕೇ ಮೂಲೆಯೇ ಇಲ್ಲದ ಗೋಪುರ ಕಟ್ಟಿದರು ಅಂತ ಇಲ್ಲಿಯವರು ಹೇಳುತ್ತಾರೆ ಅಂದಳು.

ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಇವರು ನನ್ನ ಜಾತಿಯ ಜನ. ಲಾಂಗ್ ಬೀಚ್ ಬಂದರಿನಲ್ಲಿ ಕಂಟೇನರ್ ಇಳಿಸಿಕೊಳ್ಳುವಾಗ ನಾನೂ ಒಂದೊಂದು ಸ್ಲ್ಯಾಬನ್ನು ಎಲ್ಲಿ ಉಳಿಸಬಹುದು ಎಂದೇ ನೋಡುವವಳು. ಗೋಪುರಕ್ಕೂ ಖರ್ಚು ಮಾಡದ ಕಲ್ಲನ್ನು ಆ ಊರಿನವರು ಬಾಗಿಲಿಗೆ ಹಾಕಿದ್ದರು. ಮುಖ್ಯ ಬಾಗಿಲಿಗೂ ಅಲ್ಲ, ಉತ್ತರದ ಪಕ್ಕದ ಬಾಗಿಲಿಗೆ. ಎಡಗಡೆ ಕೆತ್ತಿದವನಿಗೆ ಕೂಲಿ ಕೊಟ್ಟು, ಬಲಗಡೆಗೆ ಅಗ್ಗದವನನ್ನು ಹುಡುಕಿರಲಿಕ್ಕೂ ಸಾಕು. ಅದರಲ್ಲಿ ಎರಡೆರಡು ಇಂಚು ಹಾರಿಸಲು ನಾನ್ಯಾರು?

ವಾಪಸ್ಸು ಬಂದು, ಕೊಡುವುದಿಲ್ಲ ಅಂದೆ. ಹುಡುಗ ಅಂಗಡಿಗೇ ಬಂದ, ಬೆಲೆ ಏರಿಸಿದ. ಆಮೇಲೆ ದನಿ ಬದಲಾಯಿತು.

"ಅಕ್ಕಾ, ಅದು ಪಾಳು ಬಿದ್ದಿರೋ ಚರ್ಚು. ದೇವ್ರೂ ಇಲ್ಲ, ಜನಾನೂ ಇಲ್ಲ. ಎರಡು ಇಂಚು ಹೋದ್ರೆ ಕೇಳೋರು ಯಾರು?"

"ನಾನು."

"ನೀವು ಕೌಂಟರ್‌ಟಾಪ್ ಮಾರೋರು. ಯಾವಾಗಿಂದ ಮ್ಯೂಸಿಯಂ ಇಟ್ರಿ?"

"ಮ್ಯೂಸಿಯಂ ಅಲ್ಲಪ್ಪ. ದುಡ್ಡಿನ ಬೆಲೆ ಗೊತ್ತಿದ್ದೋರು ಬಿಚ್ಚಿ ಖರ್ಚು ಮಾಡಿರೋ ಜಾಗ ಇದೊಂದೇ. ಅದನ್ನ ನಾನು ಕೆಡಿಸಲ್ಲ. ನಿಂಗೆ ಬೇಕಿದ್ರೆ ಇದೇ ಅಚ್ಚಲ್ಲಿ, ನಿನ್ನ ಅಳತೆಗೆ, ಹೊಸ ಕಲ್ಲಲ್ಲಿ ಕೊರೆಸಿಕೊಡ್ತೀನಿ. ಎರಡೂ ಕಡೆ ಒಂದೇ ಥರ. ರೇಟು ಮಾತಾಡೋಣ."

ಅವನು ಹೊರಗೆ ಹೋಗಿ ಕಾರು ಹತ್ತಿದ. ಬಾಡಿಗೆ ಕಟ್ಟಲು ನಾನು ಒಳ್ಳೆಯ ಇಟಾಲಿಯನ್ ಸ್ಲ್ಯಾಬ್‌ಗಳನ್ನು ಅಸಲಿಗಿಂತ ಕಡಿಮೆಗೆ ಬಿಡಬೇಕಾಯಿತು. ಮನೆಯಲ್ಲಿ ಗಂಡ ತಲೆ ಚಚ್ಚಿಕೊಂಡರು. ಪಾಳು ಗುಡಿಯ ಕಲ್ಲನ್ನು ಮನೆಗೆ ತರಬಾರದು, ಅದು ಗೊತ್ತಿಲ್ಲವೇ ಎಂದು ಅತ್ತೆ ಕೇಳಿದರು. ಮನೆಗೆ ಎಲ್ಲಿ ತಂದೆ, ಅಂಗಡಿಗೆ ತಂದಿದ್ದೇನೆ ಅಂದೆ. ಅವರು ಇವತ್ತಿಗೂ ಅದರೊಳಗೆ ಹಾಯುವುದಿಲ್ಲ. ಸ್ಲ್ಯಾಬ್‌ಗಳ ಸಂದಿಯಲ್ಲಿ ಸೀರೆ ಎತ್ತಿಕೊಂಡು ಸುತ್ತಿ ಬರುತ್ತಾರೆ.

ಹೌದು, ನಿಲ್ಲಿಸಿದ್ದೇನೆ. ಭೂಕಂಪದ ಊರು ಎಂದು ಹಿಂದೆ ಸ್ಟೀಲ್ ಚೌಕಟ್ಟು ಕೊಟ್ಟು, ಪರ್ಮಿಟ್‌ಗೆ ಅಲೆದು, ಅಂಗಡಿಯ ಅಂಗಳದ ಉತ್ತರಕ್ಕೇ ನಿಲ್ಲಿಸಿದ್ದೇನೆ. ಎಡ ಆಳ, ಬಲ ತೆಳು, ಕಪ್ಪು ಹಾಗೇ. ಗಿರಾಕಿಗಳು ಅದರೊಳಗಿಂದಲೇ ಬರಬೇಕು.

ನೀವು ಹಳೆಯ ಕಲ್ಲು ಕೊಳ್ಳುವವರಾದರೆ ಕೇಳಿ. ಒಣಗಿದ್ದಾಗ ನೋಡಿ ಒಪ್ಪಬೇಡಿ. ನೀರು ಸುರಿಸಿ, ಬಿರುಕು ತಾನೇ ಕಾಣುತ್ತದೆ. ಎತ್ತಿ ಇಳಿಸುವ ಖರ್ಚನ್ನು ಮಾರುವವನ ತಲೆಗೆ ಕಟ್ಟಲು ನೋಡಿ. ನನ್ನಿಂದ ಆಗಲಿಲ್ಲ, ನಿಮ್ಮಿಂದ ಆಗಬಹುದು. ನಿಲ್ಲಿಸುವ ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ. ಪಾಲಿಶ್ ಮಾಡುವವರನ್ನು ಹತ್ತಿರ ಸೇರಿಸಬೇಡಿ, ಅವರು ನಿಮ್ಮದೇ ಕೆಲಸದವರಾದರೂ. ಇನ್ನು ಬಾಗಿಲು ನಿಮ್ಮ ಗೋಡೆಗೆ ಕೂರದಿದ್ದರೆ ಕತ್ತರಿ ಗೋಡೆಗೆ ಹಾಕಿ. ಗೋಡೆಗೆ ಬಡಿಯುವ ಡ್ರೈವಾಲ್ ಹಾಳೆ ಲಾಸ್ ಏಂಜಲೀಸಿನ ಯಾವ ಮೂಲೆಯಲ್ಲಾದರೂ ಸಿಗುತ್ತದೆ, ಅದರಲ್ಲೂ ಚೌಕಾಸಿ ಮಾಡಬಹುದು.